ಬಾನೆಟ್ ಏನು ಗಂಡಸರ ಸ್ವತ್ತಾ?

ಕಾರು ಬೇಕಾದ್ರೆ ಓಡ್ಸು, ಬಾನೆಟ್ ಮಾತ್ರ ತೆಗೀಬೇಡ, ಶಾಕ್ ಹೊಡೀತೈತೆ ಅಂತಾರೆ. ಅಲ್ಲ ಕಣ್ರೇ, ಸರಿರಾತ್ರೀಲಿ ತ್ರೀ ಫೇಸ್ ಬಂತು ಅಂತ ಎದ್ದು ಹೋಗಿ ಬೋರ್‌ವೆಲ್ ಸ್ಟಾರ್ಟರ್ ಒತ್ತೋರು ನಾವು. ಅಲ್ಲಿ 400 ವೋಲ್ಟ್ ಐತೆ, ಆಗ ಯಾರೂ ಬೇಡ ಅನ್ನಲ್ಲ. ಕಾರಿನ ಬ್ಯಾಟರಿ 12 ವೋಲ್ಟ್, ಅದಕ್ಕೆ ಹೆದರ್ಸೋದು ಯಾವ ನ್ಯಾಯ? ಹೈಬ್ರಿಡ್, ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಬಣ್ಣದ ವೈರ್ ಮಾತ್ರ ಮುಟ್ಟಬಾರದು, ಅಷ್ಟೆ.

ಜೋಗಿಮಟ್ಟಿ ಮೇಲೆ ಗಾಳಿ ಕುಡಿದು ಹೊರಡೋವಾಗ ಕೀ ತಿರುಗಿಸಿದ್ರೆ ಬರೀ ಟಕ್ ಟಕ್ ಅಂತು ಅನ್ನಿ. ಆ ಕಾಡಲ್ಲಿ ಯಾವ ಮೆಕ್ಯಾನಿಕ್ ಕಾಯ್ತಾ ಕೂತಿರ್ತಾನೆ? ನೋಡಬೇಕಾದ್ದು ಮೂರೇ ಜಾಗ.

ಬ್ಯಾಟರಿ ಮೇಲೆ ಕೂಡೋ ಗುರುತು ಇರೋದು ಪಾಸಿಟಿವ್, ಸಾಮಾನ್ಯವಾಗಿ ಕೆಂಪು ಮುಚ್ಚಳ ಇರ್ತೈತೆ. ಕರೆಂಟು ಹೊರಡೋದು ಅಲ್ಲಿಂದ. ಕಳೆಯೋ ಗುರುತಿನ ಕಪ್ಪು ಕೇಬಲ್ ಹಿಡ್ಕೊಂಡು ಹೋಗಿ, ಕಾರಿನ ಬಾಡಿಗೆ ಬೋಲ್ಟ್ ಹಾಕಿರ್ತಾರೆ. ಅದೇ ಅರ್ತ್, ಕರೆಂಟು ವಾಪಸ್ ಬರೋ ದಾರಿ. ಹತ್ರದಲ್ಲೇ ಒಂದು ಕಪ್ಪು ಡಬ್ಬಿ ಐತಲ್ಲ, ಅದು ಫ್ಯೂಸ್ ಡಬ್ಬಿ. ಯಾವ ಫ್ಯೂಸ್ ಯಾತಕ್ಕೆ ಅಂತ ಬಹಳ ಕಾರುಗಳಲ್ಲಿ ಮುಚ್ಚಳದ ಮೇಲೇ ಬರ್ದಿರ್ತಾರೆ.

ಅರ್ತ್ ಬೋಲ್ಟು ಸಡಿಲ ಆದ್ರೆ, ಕಿಲುಬು ಹಿಡಿದ್ರೆ, ಒಳ್ಳೇ ಬ್ಯಾಟರೀನೂ ಸತ್ತಂಗೆ ಕಾಣ್ತೈತೆ. ಇದು ಗೊತ್ತಿಲ್ಲದೋರಿಗೆ ಹೊಸ ಬ್ಯಾಟರಿ ಮಾರೋದು ಸುಲಭ. ನಮ್ಮ ಓರಗಿತ್ತಿ ಹಂಗೇ ಸಾವಿರಾರು ರೂಪಾಯಿ ಕೊಟ್ಟು ಬಂದ್ಲು. ಆಮೇಲೆ ನೋಡಿದ್ರೆ ಬಿಗಿ ಮಾಡಬೇಕಾಗಿದ್ದು ಒಂದು ಬೋಲ್ಟು! ನಮ್ಮನ್ನ ಬಾನೆಟ್‌ನಿಂದ ದೂರ ಇಟ್ಟಿದ್ದರ ಲಾಭ ಯಾರಿಗೆ ಹೋಯ್ತು, ನೀವೇ ಹೇಳಿ.

ಕೈ ಹಾಕೋ ಮುಂಚೆ ಇಂಜಿನ್ ಆಫ್ ಮಾಡಿ, ಚಿನ್ನದ ಬಳೆ, ಉಂಗುರ ತೆಗೆದಿಡಿ. ಬಿಚ್ಚೋವಾಗ ಕಳೆಯೋ ಗುರುತಿಂದು ಮೊದಲು, ಹಾಕೋವಾಗ ಅದು ಕೊನೇಗೆ. ಪಾಸಿಟಿವ್ ಮೊದಲು ಬಿಚ್ಚಕ್ಕೆ ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದ್ರೆ ಕಿಡಿ ಹಾರ್ತೈತೆ. ಸುಟ್ಟ ಫ್ಯೂಸ್ ಜಾಗಕ್ಕೆ ಅಷ್ಟೇ ಆಂಪಿಯರ್‌ದು ಹಾಕಬೇಕು, ತಂತಿ ಸುತ್ತಬಾರದು.

ಹೆಂಗಸರ ಕೈಲಿ ಇದೆಲ್ಲ ಆಗಲ್ಲ ಅನ್ನೋರಿಗೆ ಬೆರ್ತಾ ಬೆಂಜ್ ಕಥೆ ಹೇಳಿ. 1888ರಲ್ಲಿ ಆಯಮ್ಮ ಗಂಡನಿಗೂ ಹೇಳದೆ, ಅವನು ಮಾಡಿದ ಕಾರಲ್ಲಿ ಇಬ್ಬರು ಗಂಡುಮಕ್ಕಳನ್ನ ಕರ್ಕೊಂಡು ಜರ್ಮನಿಯ ಮ್ಯಾನ್‌ಹೈಮ್‌ನಿಂದ ತವರಿಗೆ ಹೊರಟ್ಲು. ದಾರೀಲಿ ಕಟ್ಟಿಕೊಂಡ ಇಂಧನದ ಕೊಳವೇನ ಹ್ಯಾಟಿನ ಪಿನ್ನಿಂದ ಬಿಡಿಸಿದ್ಲು, ಕಾಲುಚೀಲದ ಪಟ್ಟಿ ಸುತ್ತಿ ವೈರ್ ಸರಿ ಮಾಡಿದ್ಲು. ಲೋಕದ ಮೊದಲ ದೂರದ ಕಾರು ಪ್ರಯಾಣದಲ್ಲಿ ರಿಪೇರಿ ಮಾಡಿದೋಳೇ ಹೆಂಗಸು!

ಅಕ್ಕಂದಿರಾ, ನಾಳೆ ಪಾತ್ರೆ ತೊಳೆದಾದ ಮೇಲೆ ಬಾನೆಟ್ ಎತ್ತಿ. ಆ ಮೂರು ಜಾಗ ಹುಡುಕಿ. ಮಗಳನ್ನೂ ಪಕ್ಕದಲ್ಲಿ ನಿಲ್ಲಿಸ್ಕೊಳ್ಳಿ.