ಗಿಟಾರಿನ ಜೋಡಾಟ

ಕರಾವಳಿಯಲ್ಲಿ ಹುಟ್ಟಿ ಬೆಳೆದವರಿಗೆ ಜೋಡಾಟವೆಂದರೇನೆಂದು ಹೇಳಿಕೊಡಬೇಕಾಗಿಲ್ಲ. ಒಂದೇ ಬಯಲು, ಅದರಲ್ಲಿ ಒತ್ತೊತ್ತಾಗಿ ಎರಡು ರಂಗಸ್ಥಳ, ಎರಡು ಮೇಳ, ಪ್ರಸಂಗ ಮಾತ್ರ ಒಂದೇ. ಇಲ್ಲೊಬ್ಬ ಅರ್ಜುನ ಪ್ರವೇಶಿಸಿದೊಡನೆ ಅಲ್ಲಿಯೂ ಒಬ್ಬ ಅರ್ಜುನ ಪ್ರವೇಶಿಸುತ್ತಾನೆ. ಇಲ್ಲಿಯ ಚೆಂಡೆ ಅಬ್ಬರಿಸಿದರೆ ಅಲ್ಲಿಯದು ಇಮ್ಮಡಿ ಅಬ್ಬರಿಸುತ್ತದೆ. ನಡುವೆ ಕುಳಿತ ಪ್ರೇಕ್ಷಕನ ಕತ್ತು ಬೆಳಗಾಗುವಷ್ಟರಲ್ಲಿ ನೋವಿಗೆ ಬಂದಿರುತ್ತದೆ. ಯಾವ ವೇಷಧಾರಿ ಎಷ್ಟು ದಿಗಿಣ ಹಾಕಿದನೆಂಬ ಲೆಕ್ಕಾಚಾರ ಮರುದಿನ ಹಂಪನಕಟ್ಟೆಯ ಹೋಟೆಲುಗಳಲ್ಲಿ ಕಾಫಿಯೊಂದಿಗೆ ನಡೆಯುವುದೂ ಉಂಟು.

ಇದೇ ಊರಿನ ಕಾಲೇಜು ಹುಡುಗರಲ್ಲಿ ಕೆಲವರು ಇನ್ನೊಂದು ಬಗೆಯ ಜೋಡಾಟಕ್ಕೆ ಮನಸೋತಿದ್ದಾರೆ. ಕಪ್ಪು ಅಂಗಿ, ಅದರ ಮೇಲೆ ತಲೆಬುರುಡೆಯ ಚಿತ್ರ, ಕಿವಿಯಲ್ಲಿ ಸದಾ ಏನೋ ಒಂದು ಗುಡುಗು. ಆ ಸಂಗೀತದ ಹೆಸರು ಹೆವಿ ಮೆಟಲ್, ಎಂದರೆ ಭಾರವಾದ ಲೋಹ. ಮನೆಯ ಹಿರಿಯರು ಇದು ಸಂಗೀತವೋ ಕಂಚುಗಾರರ ಕೇರಿಯೋ ಎಂದು ಕೇಳಿದರೆ ಅವರದು ತಪ್ಪೆನ್ನಲಾಗದು. ಆದರೆ ರಾತ್ರಿಯಿಡೀ ಚೆಂಡೆಯ ಮುಂದೆ ಕುಳಿತು ಬಂದವರು ಸದ್ದಿನ ಮಾತೆತ್ತಿದರೆ ಹುಡುಗರು ಮೀಸೆಯಡಿಯಲ್ಲಿ ನಗದಿರುವರೇ?

ಈ ಗುಡುಗಿನ ಹುಟ್ಟು ಸ್ವಾರಸ್ಯವಾದದ್ದು. ವಿದ್ಯುತ್ ಗಿಟಾರಿನ ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತವಿದ್ದು, ಅದರ ಸುತ್ತ ತಾಮ್ರದ ಸಪೂರ ತಂತಿಯ ಸುರುಳಿ ಇರುತ್ತದೆ. ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ವಿದ್ಯುತ್ತಿನ ಅಲೆ ಏಳುತ್ತದೆ. ಆ ಅಲೆಯನ್ನು ಆಂಪ್ಲಿಫೈಯರು ತಾಳುವುದಕ್ಕಿಂತ ಹೆಚ್ಚು ಬಲವಾಗಿ ನೂಕಿದರೆ ಅಲೆಯ ನೆತ್ತಿ ಕತ್ತರಿಸಿದಂತಾಗಿ, ನಾದವು ಒರಟು ಗರ್ಜನೆಯಾಗುತ್ತದೆ. ಯಂತ್ರದ ದೋಷವನ್ನೇ ಗುಣವನ್ನಾಗಿ ಮಾಡಿಕೊಂಡ ಸಂಗೀತವಿದು.

ಈ ಮೇಳಗಳಿಗೂ ತಿರುಗಾಟವುಂಟು. ಲಾರಿಗಟ್ಟಲೆ ಧ್ವನಿಯಂತ್ರ, ದೀಪ, ಕಬ್ಬಿಣದ ಅಟ್ಟ, ಅವನ್ನು ಕಟ್ಟಿ ಬಿಚ್ಚುವ ಕೆಲಸಗಾರರು; ಇಂದು ಒಂದೂರು, ನಾಳೆ ಇನ್ನೊಂದೂರು. ಪೆಟ್ಟಿಗೆ ಹೊತ್ತು ನಡೆದು ಊರೂರು ಸುತ್ತಿದ ನಮ್ಮ ಹಳೆಯ ಮೇಳಗಳವರಿಗೆ ಈ ಪಾಡು ಹೊಸತಾಗಿ ಕಾಣದು. ಒಂದೇ ಮೇಳ ಪ್ರತಿರಾತ್ರಿ ದೊಡ್ಡ ಬಯಲನ್ನು ತುಂಬಿಸುವುದು ಕಷ್ಟವಾದ್ದರಿಂದ ಮೂರು ನಾಲ್ಕು ಮೇಳಗಳು ಕೂಡಿ ಹೊರಡುತ್ತವೆ. ವೆಚ್ಚವೂ ಹಂಚಿಹೋಗುತ್ತದೆ, ಒಬ್ಬರ ಅಭಿಮಾನಿಗಳು ಇನ್ನೊಬ್ಬರಿಗೂ ದೊರೆಯುತ್ತಾರೆ. ತೊಡಕೆಲ್ಲ ಒಂದೇ ಪ್ರಶ್ನೆಯಲ್ಲಿದೆ: ಕೊನೆಯಲ್ಲಿ ನುಡಿಸುವವರು ಯಾರು? ಅವರೇ ದೊಡ್ಡವರೆಂದು ಲೆಕ್ಕ.

1991ರಲ್ಲಿ ಮೆಗಾಡೆತ್, ಸ್ಲೇಯರ್, ಆಂಥ್ರಾಕ್ಸ್ ಎಂಬ ಮೂರು ಮೇಳಗಳು ‘ಕ್ಲಾಷ್ ಆಫ್ ದಿ ಟೈಟನ್ಸ್’ ಎಂಬ ಹೆಸರಿನಲ್ಲಿ ಉತ್ತರ ಅಮೆರಿಕವನ್ನು ಸುತ್ತಿದಾಗ ಈ ತೊಡಕಿಗೆ ಕಂಡುಕೊಂಡ ಉಪಾಯ ಸರಳವಾಗಿತ್ತು. ಕೊನೆಯ ಸ್ಥಾನ ಸರದಿಯ ಮೇಲೆ. ಇಂದು ನಿಮ್ಮದು, ನಾಳೆ ನಮ್ಮದು. ಆದರೆ ಸರದಿಯಿಲ್ಲದ ನಾಲ್ಕನೆಯ ಮೇಳವೊಂದಿತ್ತು. ಸಿಯಾಟಲ್ ನಗರದ ಆಲಿಸ್ ಇನ್ ಚೈನ್ಸ್ ಎಂಬ ಎಳೆಯರ ಗುಂಪು ಅದು. ದಿನವೂ ಮೊದಲು ಏರುವವರು ಅವರು. ಅವರ ನಡೆ ನಿಧಾನ, ರಾಗ ವಿಷಾದದ್ದು. ವೇಗಕ್ಕಾಗಿ ಹಸಿದು ಬಂದ ಜನರಿಗೆ ಅದು ರುಚಿಸಲಿಲ್ಲ. ಕೂಗಿದರು, ಕೈಗೆ ಸಿಕ್ಕಿದ್ದನ್ನು ಎಸೆದರು. ಹುಡುಗರು ಅಟ್ಟ ಬಿಟ್ಟಿಳಿಯದೆ ನುಡಿಸಿದರು. ಕೆಲವೇ ವರ್ಷಗಳಲ್ಲಿ ಅವರು ಅಮೆರಿಕದ ಅತ್ಯಂತ ಹೆಸರಾಂತ ಮೇಳಗಳಲ್ಲಿ ಒಂದಾಗಿದ್ದರು.

ನಮ್ಮ ಆಟದಲ್ಲಿ ಕೋಡಂಗಿಗೆ ಯಾರೂ ಕಲ್ಲೆಸೆಯುವುದಿಲ್ಲ, ಕಡೆಗಣಿಸುತ್ತಾರೆ, ಅಷ್ಟೇ. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಎಂದು ಪೂರ್ವರಂಗ ಸಾಗುತ್ತಿರುವಾಗ ಬಯಲಿನಲ್ಲಿ ಚಾಪೆ ಹಾಸುವವರು ಹಾಸುತ್ತಾರೆ, ನೆಲಗಡಲೆ ಕೊಳ್ಳುವವರು ಕೊಳ್ಳುತ್ತಾರೆ. ಆ ಉದಾಸೀನವೇ ಒಂದು ಪಾಠಶಾಲೆ. ಯಾರೂ ನೋಡದಿರುವಾಗ ತಾಳ ತಪ್ಪಿದರೂ ಮಾನ ಹೋಗದು. ಇಂದಿನ ದೊಡ್ಡ ವೇಷಗಳಲ್ಲಿ ಬಹುಮಂದಿ ಆ ಖಾಲಿ ಬಯಲಿನ ಮುಂದೆಯೇ ಕಾಲು ಗಟ್ಟಿಮಾಡಿಕೊಂಡವರು. ಸಂಜೆ ತೊಡಗಿ ನಡುರಾತ್ರಿಯೊಳಗೆ ಮುಗಿಯುವ ಕಾಲಮಿತಿಯ ಆಟ ಬಂದಮೇಲೆ ಮೊದಲು ಕತ್ತರಿ ಬಿದ್ದುದು ಪೂರ್ವರಂಗಕ್ಕೆ. ನೋಡುವವರಿಗೆ ನಷ್ಟವಿಲ್ಲವೆಂದು ವ್ಯವಸ್ಥಾಪಕರು ಹೇಳಬಹುದು. ಕಲಿಯುವ ಹುಡುಗ ಎಲ್ಲಿಗೆ ಹೋಗಬೇಕೆಂಬುದಕ್ಕೆ ಅವರಲ್ಲಿ ಉತ್ತರವಿದ್ದಂತಿಲ್ಲ. ಈ ಒಂದು ವಿಷಯದಲ್ಲಿ ಗಿಟಾರಿನವರು ನಮಗಿಂತ ಬುದ್ಧಿವಂತರು. ಅವರ ಪೂರ್ವರಂಗ ಕ್ರೂರವಾದದ್ದು, ಎಷ್ಟೋ ಸಲ ಎಳೆಯ ಮೇಳಗಳು ತಾವೇ ಹಣ ತೆತ್ತು ತಿರುಗಾಟದಲ್ಲಿ ಜಾಗ ಕೊಳ್ಳಬೇಕಾಗುವುದೂ ಉಂಟು. ಆದರೂ ಅವರು ಅದನ್ನು ಕೈಬಿಟ್ಟಿಲ್ಲ.

ಜೋಡಾಟದಂತೆ ಕೂಡಾಟವೂ ನಮ್ಮಲ್ಲಿದೆ. ಅಲ್ಲಿ ಎರಡು ಮೇಳದ ಕಲಾವಿದರು ಒಂದೇ ರಂಗಸ್ಥಳವನ್ನು ಏರುತ್ತಾರೆ. ಗಿಟಾರಿನ ಲೋಕದ ಕೂಡಾಟವೊಂದರ ಹಿಂದೆ ಕಥೆಯೇ ಇದೆ. 1983ರಲ್ಲಿ ಮೆಟಾಲಿಕಾ ಮೇಳ ತನ್ನ ಗಿಟಾರ್ ವಾದಕ ಡೇವ್ ಮಸ್ಟೇನ್ ಎಂಬವನನ್ನು ಕುಡಿತದ ಕಾರಣಕ್ಕೆ ಹೊರಗೆ ಹಾಕಿ, ನ್ಯೂಯಾರ್ಕಿನಿಂದ ಕ್ಯಾಲಿಫೋರ್ನಿಯಕ್ಕೆ ಬಸ್ಸು ಹತ್ತಿಸಿತು. ನಾಲ್ಕು ದಿನದ ದಾರಿ, ಕೈಯಲ್ಲಿ ಕಾಸಿಲ್ಲ. ಆ ಪಯಣದಲ್ಲಿ ಅಣ್ವಸ್ತ್ರಗಳ ವಿಷಯದ ಕರಪತ್ರವೊಂದರಲ್ಲಿ ಕಂಡ ಮಾತಿನಿಂದಲೇ ಅವನು ಹೊಸ ಮೇಳಕ್ಕೆ ಮೆಗಾಡೆತ್ ಎಂಬ ಹೆಸರನ್ನು ಪಡೆದ. ಹಳೆಯವರಿಗಿಂತ ವೇಗವಾಗಿ, ಗಡುಸಾಗಿ ನುಡಿಸಬೇಕೆಂಬ ಛಲ ಅವನಿಗೆ. ಆ ಛಲ ಅವನನ್ನು ಬಹಳ ಎತ್ತರಕ್ಕೆ ಒಯ್ದಿತು. ನೋವು ಮಾತ್ರ ಆರಲಿಲ್ಲ.

2010ರ ಜೂನ್ 16ರಂದು ಪೋಲೆಂಡಿನ ವಾರ್ಸಾದಲ್ಲಿ ಮೆಟಾಲಿಕಾ, ಸ್ಲೇಯರ್, ಮೆಗಾಡೆತ್, ಆಂಥ್ರಾಕ್ಸ್ ನಾಲ್ಕೂ ಮೇಳಗಳು ಮೊದಲ ಬಾರಿಗೆ ಒಂದೇ ಬಯಲಿನಲ್ಲಿ ನುಡಿಸಿದುವು. ಅದೇ ತಿಂಗಳು 22ರಂದು ಬಲ್ಗೇರಿಯದ ಸೋಫಿಯಾದಲ್ಲಿ ನಡೆದುದು ಅದಕ್ಕಿಂತ ದೊಡ್ಡದು. ಮೆಟಾಲಿಕಾದ ಸರದಿಯ ನಡುವೆ ಮೆಗಾಡೆತ್ ಮತ್ತು ಆಂಥ್ರಾಕ್ಸ್ ಮೇಳದವರೂ, ಸ್ಲೇಯರಿನ ಡ್ರಮ್ ವಾದಕ ಡೇವ್ ಲೊಂಬಾರ್ಡೊನೂ ಅಟ್ಟ ಹತ್ತಿ, ಇಂಗ್ಲೆಂಡಿನ ಡೈಮಂಡ್ ಹೆಡ್ ಎಂಬ ಹಳೆಯ ಮೇಳದ ಹಾಡೊಂದನ್ನು ಕೂಡಿ ನುಡಿಸಿದರು. ಇಪ್ಪತ್ತೇಳು ವರ್ಷಗಳ ಹಿಂದೆ ಬಸ್ಸು ಹತ್ತಿಸಿದವರೂ ಹತ್ತಿದವನೂ ಸಾವಿರಾರು ಜನರೆದುರು ಅಪ್ಪಿಕೊಂಡರು. ಆ ದೃಶ್ಯ ಅನೇಕ ದೇಶಗಳ ಚಿತ್ರಮಂದಿರಗಳಲ್ಲಿ ಪ್ರದರ್ಶಿತವಾಯಿತು.

ಈ ತಿರುಗಾಟಗಳು ಮಂಗಳೂರಿಗೆ ಬರಲಿಲ್ಲ. ಹಾಗೆಂದು ಗಿಟಾರು ಈ ಊರಿಗೆ ಪರಕೀಯವೇನಲ್ಲ. ಇಗರ್ಜಿಯ ಗಾಯನವೃಂದದಲ್ಲಿ, ಕೊಂಕಣಿ ಮದುವೆಮನೆಯ ರೋಸಿನಲ್ಲಿ ಅದು ಎಂದೋ ಮನೆಮಗುವಾಗಿದೆ. ಆದರೆ ಲೋಹದ ಮೇಳ ನೋಡಬೇಕಾದರೆ ಶಿರಾಡಿ ಘಾಟಿ ಹತ್ತಿ ಬೆಂಗಳೂರಿನ ಅರಮನೆ ಮೈದಾನಕ್ಕೇ ಹೋಗಬೇಕಾಗಿತ್ತು. 2007ರ ಮಾರ್ಚ್ 17ರಂದು ಅಲ್ಲಿ ಇಂಗ್ಲೆಂಡಿನ ಐರನ್ ಮೇಡನ್ ನುಡಿಸಿತು. ಅವರಿಗಿಂತ ಮೊದಲು ಅಟ್ಟವೇರಿದ ದೆಹಲಿಯ ಪರಿಕ್ರಮ ಮೇಳಕ್ಕೆ ಅದೇ ವರ್ಷ ಇಂಗ್ಲೆಂಡಿನ ಡೌನ್‌ಲೋಡ್ ಉತ್ಸವದಲ್ಲಿ ನುಡಿಸುವ ಅವಕಾಶ ಒದಗಿತು. ಪೂರ್ವರಂಗದ ಫಲವೆಂದರೆ ಇದು! ಮರುವರ್ಷ ಮಾರ್ಚಿನಲ್ಲಿ ಮೆಗಾಡೆತ್ ಮತ್ತು ಮಷೀನ್ ಹೆಡ್ ಜೊತೆಯಾಗಿ ಬಂದುವು. 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬಂತು. ಎರಡು ದಿನ ಮೊದಲು ದೆಹಲಿಯ ಪಕ್ಕದ ಗುರ್‌ಗಾಂವಿನಲ್ಲಿ ನಡೆಯಬೇಕಾಗಿದ್ದ ಆಟ ನಿಂತುಹೋಗಿ, ರೊಚ್ಚಿಗೆದ್ದ ಜನ ಅಟ್ಟಕ್ಕೆ ನುಗ್ಗಿದ್ದರು. ಬೆಂಗಳೂರಿನಲ್ಲಿ ಆಟ ನಡೆಯಿತು.

ಬೆಂಗಳೂರಿನಲ್ಲಿಯೇ 1998ರಲ್ಲಿ ಹುಟ್ಟಿದ ಕ್ರಿಪ್ಟೋಸ್ ಎಂಬ ಮೇಳ 2013ರಲ್ಲಿ ಜರ್ಮನಿಯ ವಾಕನ್ ಉತ್ಸವಕ್ಕೆ ಹೋಗಿ ಬಂದಿತು. ವಾಕನ್ ಸುಮಾರು ಎರಡು ಸಾವಿರ ಜನರಿರುವ, ಹಸು ಮೇಯುವ ಹಳ್ಳಿ. 1990ರಿಂದ ಅಲ್ಲಿ ಪ್ರತಿ ಬೇಸಗೆಯಲ್ಲಿ ಲೋಹದ ಮೇಳಗಳು ನೆರೆಯುತ್ತವೆ. ಕೊಯ್ಲಾದ ಗದ್ದೆಯಲ್ಲಿ ರಂಗಸ್ಥಳ ಕಟ್ಟಿದ ಊರವರಿಗೆ ಇದರಲ್ಲಿ ಅಚ್ಚರಿಪಡುವಂಥದೇನಿದೆ?

ಜೋಡಾಟಕ್ಕೆ ಒಂದು ಆಕ್ಷೇಪವುಂಟು. ಪೈಪೋಟಿಯ ಭರದಲ್ಲಿ ಕುಣಿತವೂ ಸದ್ದೂ ಏರಿ, ಅರ್ಥಗಾರಿಕೆ ಮುಳುಗಿಹೋಗುತ್ತದೆಂಬುದು. ಬಲ್ಲವರ ಈ ಮಾತನ್ನು ಅಲ್ಲಗಳೆಯುವಂತಿಲ್ಲ. ಗಿಟಾರಿನ ಜೋಡಾಟಕ್ಕೂ ಅದು ಒಪ್ಪುತ್ತದೆ; ಮೂರನೆಯ ಮೇಳ ಮುಗಿಯುವಷ್ಟರಲ್ಲಿ ಕಿವಿಗೆ ಭೇದ ತಿಳಿಯುವ ಶಕ್ತಿ ಉಳಿದಿರುವುದಿಲ್ಲ.

ಸರಕಾರದ ಕಣ್ಣಿಗಂತೂ ಎರಡೂ ಒಂದೇ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗ್ಗೆ 6ರ ವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ನಿಷೇಧಿಸಿದುವು. 2010ರ ತಿದ್ದುಪಡಿಯಲ್ಲಿ ವಾದ್ಯಗಳೂ ಸೇರಿಕೊಂಡುವು. ವಸತಿ ಪ್ರದೇಶಕ್ಕೆ ರಾತ್ರಿ ಕೊಟ್ಟಿರುವ ಮಿತಿ 45 ಡೆಸಿಬೆಲ್. ಸಾಂಸ್ಕೃತಿಕ ಸಂದರ್ಭಗಳಿಗೆಂದು ರಾಜ್ಯ ಸರಕಾರ ವರ್ಷದಲ್ಲಿ 15 ದಿನ ಮೀರದಂತೆ ನಡುರಾತ್ರಿಯ ವರೆಗೆ ಸಡಿಲಿಸಬಹುದು. ದೀಪಾವಳಿಯ ಸುಮಾರಿಗೆ ಹೊರಟು ಮೇ ತಿಂಗಳ ಪತ್ತನಾಜೆಗೆ ಗೆಜ್ಜೆ ಬಿಚ್ಚುವ ಮೇಳಕ್ಕೆ ಆ 15 ದಿನ ಯಾವ ಮೂಲೆಗೆ ಸಾಕು? ಕಪ್ಪಂಗಿಯ ಹುಡುಗನೂ ಅವನ ಅಜ್ಜನೂ ಬೇರಾವ ವಿಷಯದಲ್ಲಿ ಜಗಳವಾಡಿದರೂ, ರಾತ್ರಿ ಹತ್ತು ಗಂಟೆಗೆ ಪೊಲೀಸರು ಮೈದಾನಕ್ಕೆ ಬಂದಾಗ ಇಬ್ಬರೂ ಒಂದೇ ಕಡೆ ನಿಲ್ಲುತ್ತಾರೆ.