ಹೆಸರು ಅಪ್ಪನಿಗೆ, ಉದ್ರಿ ಮಗುವಿನ ಖಾತೆಗೆ!

ರವಿವಾರ ಮುಂಜಾನೆ ಖಾನಾಪುರದಿಂದ ಬೆಳಗಾವಿಗೆ ಬರುವ ಬಸ್ಸಿನಲ್ಲಿ ಓಡಾಡುವವರಿಗೆ ಈ ದೃಶ್ಯ ಹೊಸದಲ್ಲ. ಎಂಟೊಂಬತ್ತು ವರ್ಷದ ಹುಡುಗಿ. ಮುಖಕ್ಕೆ ಪೌಡರು, ತುಟಿಗೆ ಬಣ್ಣ, ಮೈಮೇಲೆ ಮಿಂಚಿನ ಲಂಗ. ಪಕ್ಕದಲ್ಲಿ ತಾಯಿ, ಕೈಯಲ್ಲಿ ಮೊಬೈಲು. "ಇನ್ನೊಂದ್ ಸಲ ಹೇಳವ್ವಾ, ಅಲ್ಲಿ ಹೋಗಿ ಮರೀಬ್ಯಾಡ" ಎಂದು ಡೈಲಾಗು ಹೇಳಿಸುತ್ತಿರುತ್ತಾಳೆ. ಹುಡುಗಿಗೋ ಕಣ್ತುಂಬ ನಿದ್ದೆ. ಟಿವಿ ಶೋಗೆ ಆಡಿಷನ್ ಅಂತೆ! ತಾಯಿ-ಮಗಳಿಗೆ ಬಸ್ ಚಾರ್ಜಿಲ್ಲ, 2023ರಿಂದ ಶಕ್ತಿ ಯೋಜನೆ ಇದೆ. ಖರ್ಚು ಸುರುವಾಗುವುದು ಬೆಳಗಾವಿಯಲ್ಲಿ ಇಳಿದ ಮೇಲೆ. ಡ್ರೆಸ್ಸು, ಮೇಕಪ್ಪು, ಫೋಟೋ, ಮೇಲೆ ಇನ್ನೊಂದು 'ರಜಿಸ್ಟ್ರೇಷನ್ ಫೀ'.

ಮಗು ಹಾಡಬಾರದು, ಕುಣಿಯಬಾರದು ಎಂದು ಯಾರೂ ಹೇಳುತ್ತಿಲ್ಲ. ಹಾಡಲಿ, ಹೊಟ್ಟೆ ತುಂಬ ಹಾಡಲಿ. ಪ್ರಶ್ನೆ ಬೇರೆ. ಹೆಸರು ಬೇಕಾಗಿರುವುದು ಮಗುವಿಗೋ, ಅಪ್ಪ-ಅವ್ವಗಳಿಗೋ? ಅಂಗಡಿ ಇಟ್ಟವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಸಾಮಾನು ಒಯ್ಯುವವ ಒಬ್ಬ, ಉದ್ರಿ ಬರೆಯುವುದು ಇನ್ನೊಬ್ಬನ ಹೆಸರಿಗೆ ಅಂದರೆ ಆ ವ್ಯವಹಾರಕ್ಕೆ ಏನಂತಾರೆ?

ಸುಳೇಭಾವಿಯ ಹುಡುಗ

ಬೆಳಗಾವಿಯ ಕುಮಾರ ಗಂಧರ್ವ ಕಲಾಮಂದಿರ ಗೊತ್ತಿಲ್ಲದವರು ಕಡಿಮೆ. ಆ ಹೆಸರಿನ ಮನುಷ್ಯ ಕೂಡ ಒಂದು ಕಾಲಕ್ಕೆ ಇಂಥದೇ ಪೋರ. 1924ರ ಏಪ್ರಿಲ್ 8ರಂದು ಇಲ್ಲೇ ಮಗ್ಗುಲಿನ ಸುಳೇಭಾವಿಯಲ್ಲಿ ಹುಟ್ಟಿದವ. ಮನೆಯಲ್ಲಿ ಇಟ್ಟ ಹೆಸರು ಶಿವಪುತ್ರ. ಗ್ರಾಮೋಫೋನ್ ಪ್ಲೇಟು ಕೇಳಿ ದೊಡ್ಡ ದೊಡ್ಡ ಗವಾಯಿಗಳ ಹಾಡನ್ನು ಇದ್ದಕ್ಕಿದ್ದಂತೆ ಒಪ್ಪಿಸುತ್ತಿದ್ದ. ಕೇಳಿದ ಸ್ವಾಮಿಗಳೊಬ್ಬರು 'ಕುಮಾರ ಗಂಧರ್ವ' ಎಂದು ಕರೆದರು. ಹಾಡುಗಾರರೇ ಆಗಿದ್ದ ತಂದೆ ಸಿದ್ಧರಾಮಯ್ಯನವರು ಮಗನನ್ನು ಕರಕೊಂಡು ಊರೂರು ತಿರುಗಿದರು. ಹತ್ತು-ಹನ್ನೊಂದರ ವಯಸ್ಸಿಗೆ ಅಲಹಾಬಾದು, ಮುಂಬಯಿಯ ಸಂಗೀತ ಸಭೆಗಳಲ್ಲಿ ಜನ ಬೆರಗಾಗಿ ಕೂತರು. ಆಗ ರೀಲ್ಸ್ ಇರಲಿಲ್ಲ ಅನ್ನುವುದು ಬಿಟ್ಟರೆ ಇವತ್ತಿಗೂ ಅವತ್ತಿಗೂ ಫರಕು ಏನು?

ಫರಕು ಇದೆ, ಅದು ಮುಂದೆ ಆದದ್ದರಲ್ಲಿ. 1936ರ ಹೊತ್ತಿಗೆ ಹುಡುಗನನ್ನು ಮುಂಬಯಿಯ ಪ್ರೊಫೆಸರ್ ಬಿ.ಆರ್. ದೇವಧರ ಅವರ ಬಳಿ ಕಲಿಯಲು ಬಿಟ್ಟರು. ಚಪ್ಪಾಳೆ ಬೀಳುತ್ತಿದ್ದ ಹೊತ್ತಿಗೇ, ಗಳಿಕೆಯ ಕಾಲದಲ್ಲೇ, ಹುಡುಗ ವಿದ್ಯಾರ್ಥಿಯಾಗಿ ಕೂತ. ಇನ್ನೊಬ್ಬರ ಹಾಡು ಒಪ್ಪಿಸುವುದು ಬೇರೆ, ತನ್ನ ಹಾಡು ಹಾಡುವುದು ಬೇರೆ ಎಂದು ತಿಳಿಯುವುದಕ್ಕೆ ವರ್ಷಗಟ್ಟಲೆ ಬೇಕಾಯಿತು. ಅದಕ್ಕೂ ಬೆಲೆ ತೆತ್ತಿದ್ದಾನೆ, ಸುಳ್ಳಲ್ಲ. ಹನ್ನೆರಡು ತುಂಬುವುದರೊಳಗೆ ಮನೆ ಬಿಟ್ಟ, ಊರು ಬಿಟ್ಟ. ಮತ್ತೆ ಈ ಕಡೆ ಬಂದು ನೆಲೆ ನಿಲ್ಲಲೇ ಇಲ್ಲ.

ಇಪ್ಪತ್ಮೂರು-ಇಪ್ಪತ್ನಾಲ್ಕರ ಪ್ರಾಯದಲ್ಲಿ, ಮದುವೆಯಾಗಿ, ಹೆಸರು ಉತ್ತುಂಗದಲ್ಲಿದ್ದಾಗ ಕ್ಷಯ ಬಂತು. ತಿರುಗಾಟದಿಂದಲೇ ಬಂತು ಎನ್ನಲು ಆಧಾರವಿಲ್ಲ, ಆ ಕಾಲಕ್ಕೆ ಅದು ಎಷ್ಟೋ ಮನೆಗಳ ರೋಗ. ಒಣಹವೆಗೆಂದು 1948ರಲ್ಲಿ ಮಧ್ಯಪ್ರದೇಶದ ದೇವಾಸಕ್ಕೆ ಹೋದರು. ಹಾಡಕೂಡದು ಎಂದು ಡಾಕ್ಟರರ ಕಟ್ಟಪ್ಪಣೆ. ಆರೈಕೆಯೆಲ್ಲ ಹೆಂಡತಿ ಭಾನುಮತಿಯವರ ಹೆಗಲಿಗೆ. ಹಾಸಿಗೆಯಲ್ಲಿ ಮಲಗಿ ಮಾಳವದ ಹೆಂಗಸರ, ಭಿಕ್ಷುಕರ ಹಾಡು ಕೇಳುತ್ತಾ ವರ್ಷಗಳು ಕಳೆದವು. ಸ್ಟ್ರೆಪ್ಟೊಮೈಸಿನ್ ಔಷಧ ಜೀವ ಉಳಿಸಿತು, ಒಂದು ಪುಪ್ಪುಸ ಮಾತ್ರ ಕೆಲಸಕ್ಕೆ ಬಾರದಂತಾಯಿತು. 1953ರ ಸುಮಾರಿಗೆ ಮತ್ತೆ ವೇದಿಕೆಗೆ ಬಂದಾಗ ಅದು ಬೇರೆಯೇ ಹಾಡುಗಾರಿಕೆ. ಉದ್ದ ಉಸಿರಿನ ಆಸರೆ ಇಲ್ಲದ, ಚಿಕ್ಕ ಚಿಕ್ಕ ತುಣುಕಿನ, ಯಾರದೂ ನಕಲಲ್ಲದ ಹಾಡು. 1990ರಲ್ಲಿ ಪದ್ಮವಿಭೂಷಣ ಬಂತು, 1992ರ ಜನೇವರಿ 12ರಂದು ತೀರಿಕೊಂಡರು. ಇವತ್ತು ಜನ ನೆನೆಯುವುದು ಈ ಎರಡನೆಯ ಹಾಡನ್ನು. ಹತ್ತು ವರ್ಷದ ಪೋರನ ಪವಾಡವನ್ನು ಎಷ್ಟು ಮಂದಿ ನೆನೆಯುತ್ತಾರೆ?

ಹಸಿ ಗಡಿಗೆ

ಖಾನಾಪುರ ಮಣ್ಣಿನ ಕೆಲಸಕ್ಕೆ ಹೆಸರಾದ ಊರು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇರುವುದೂ ಅಲ್ಲಿಯೇ. ಯಾವ ಕುಂಬಾರನನ್ನು ಕೇಳಿದರೂ ಹೇಳುತ್ತಾನೆ, ಗಡಿಗೆಯನ್ನು ನೆರಳಲ್ಲಿ ಒಣಗಿಸಬೇಕು, ಅವಸರ ಮಾಡಬಾರದು. ಹಸಿ ಇರುವಾಗಲೇ ಆವಿಗೆಗೆ ಇಟ್ಟರೆ ಒಳಗಿನ ನೀರು ಹಬೆಯಾಗಿ ಗಡಿಗೆ ಸೀಳುತ್ತದೆ. ಹೊರಗಿನಿಂದ ನೋಡಿದರೆ ಹಸಿಯದೂ ಒಣಗಿದ್ದೂ ಒಂದೇ ಥರ ಕಾಣಬಹುದು. ಮಗುವಿನ ವಿಷಯದಲ್ಲಿ ಈ ಅವಸರ ಯಾಕ್ರೀ?

ಟಿವಿಯವರು ಕೂಡ ಬೇಕಾದ್ದು ಮಾಡುವಂತಿಲ್ಲ, ಕಾಯ್ದೆ ಇದೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂತು, 2017ರಲ್ಲಿ ನಿಯಮ ಬಂದವು. ಅದರ ಪ್ರಕಾರ ಬಾಲಕಲಾವಿದರಿಂದ ದಿನಕ್ಕೆ ಐದು ತಾಸಿಗಿಂತ ಹೆಚ್ಚು ಕೆಲಸ ಮಾಡಿಸಬಾರದು. ಮೂರು ತಾಸಿಗೊಮ್ಮೆ ವಿಶ್ರಾಂತಿ ಕೊಡಲೇಬೇಕು. ಸತತ 27 ದಿನಕ್ಕಿಂತ ಜಾಸ್ತಿ ಇಲ್ಲ. ಶಾಲೆ ತಪ್ಪಬಾರದು. ಜಿಲ್ಲಾ ಮ್ಯಾಜಿಸ್ಟ್ರೇಟರ ಪರವಾನಗಿ ಬೇಕು. ಎಲ್ಲಕ್ಕೂ ಮುಖ್ಯ, ಮಗು ಗಳಿಸಿದ್ದರಲ್ಲಿ ಶೇ. 20ಕ್ಕೆ ಕಡಿಮೆ ಇಲ್ಲದಂತೆ ಮಗುವಿನದೇ ಹೆಸರಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಬೇಕು, ಪ್ರಾಯಕ್ಕೆ ಬಂದ ಮೇಲೆ ಅದು ಅವರ ಕೈಸೇರಬೇಕು. ಮಗುವಿನ ಇಚ್ಛೆಗೆ ವಿರುದ್ಧವಾಗಿ ಏನೂ ಮಾಡಿಸುವ ಹಾಗಿಲ್ಲ. ಸಹಿ ಮಾಡುವ ಮುಂಚೆ ಇಷ್ಟನ್ನು ಕೇಳಿದ ಅಪ್ಪಂದಿರು ಎಷ್ಟು ಮಂದಿ? "ಕೇಳಿದ್ರ ಚಾನ್ಸ್ ಹೋಗ್ತೈತ್ರೀ" ಅನ್ನುವವರೇ ಬಹಳ.

ಇನ್ನು ಮೊಬೈಲಿನ ಮಾತು. ಇನ್‌ಸ್ಟಾಗ್ರಾಂನಲ್ಲಿ ಖಾತೆ ತೆರೆಯಲು 13 ವರ್ಷ ಆಗಬೇಕು. ಆರು ವರ್ಷದ ಕೂಸಿನ ಹೆಸರಲ್ಲಿ ಅಪ್ಪನೇ ನಡೆಸಿದರೆ? ಅಲ್ಲಿ ಪ್ರೊಡ್ಯೂಸರೂ ಅವನೇ, ಡೈರೆಕ್ಟರೂ ಅವನೇ. ಶಾಲೆಯಿಂದ ಬಂದ ಕೂಸು ಚೀಲ ಇಳಿಸುವುದರೊಳಗೆ ಕ್ಯಾಮೆರಾ ಮುಂದೆ. ನಿನ್ನೆ ಹತ್ತು ಸಾವಿರ ಮಂದಿ ನೋಡಿದ್ದರು, ಇವತ್ತು ಮುನ್ನೂರು, ಅಪ್ಪನ ಮುಖ ಗಂಟು. ತನ್ನಿಂದ ಏನು ತಪ್ಪಾಯಿತು ಎಂದು ಕೂಸಿಗೆ ತಿಳಿಯುವುದಿಲ್ಲ. ಐದು ತಾಸು ಆಯಿತು, ಬಂದ್ ಮಾಡು ಎನ್ನಲು ಮನೆಯೊಳಗೆ ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ. ಅಜ್ಜಿ ಇದ್ದರೆ ಅವಳೇ ಅಡ್ಡ ಬರಬೇಕು, "ಸಾಕು ಬಿಡೋ, ಕೂಸಿಗೆ ಉಣ್ಣಾಕ ಹಾಕ್ತೀನಿ" ಎಂದು.