ಕಾಯುವಿಕೆ ಎಂಬ ಕಾಯಿಲೆ

ನವಿಲುತೀರ್ಥದ ಜಲಾಶಯ ತುಂಬಬೇಕಾದರೆ ಸವದತ್ತಿಯಲ್ಲಿ ಮಳೆಯಾದರೆ ಸಾಲದು. ಮಲಪ್ರಭೆ ಹುಟ್ಟುವ ಖಾನಾಪುರ ತಾಲ್ಲೂಕಿನ ಕಣಕುಂಬಿಯ ಕಾಡಿನಲ್ಲಿ ಮುಂಗಾರು ಹಿಡಿದು ಸುರಿಯಬೇಕು. ಅಲ್ಲಿ ಮಳೆ ಕೈಕೊಟ್ಟರೆ ಇಲ್ಲಿ ಕಾಲುವೆ ಒಣಗುತ್ತದೆ. ಮಿತಿಮೀರಿದರೆ, 2019ರ ಆಗಸ್ಟ್‌ನಲ್ಲಿ ಆದಂತೆ, ಮುನವಳ್ಳಿ, ರಾಮದುರ್ಗದ ನದಿದಂಡೆ ಮುಳುಗುತ್ತದೆ. ಆ ನೆರೆಯ ನಂತರ ನಾಲ್ಕೇ ವರ್ಷಕ್ಕೆ, 2023ರಲ್ಲಿ, ಬರ ಬಂತು. ಈ ಸೀಮೆಯ ಒಕ್ಕಲುತನದ ಸಂಕಟವನ್ನು ಸಾಲ, ಇಳುವರಿ, ಬೆಲೆಗಳಲ್ಲಿ ಅಳೆಯುವುದು ನಮಗೆ ರೂಢಿ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ನಿದ್ದೆಗೇಡಿನಲ್ಲೂ ಅದನ್ನು ಅಳೆಯಬೇಕಿದೆ. ಏಕೆಂದರೆ ಕಷ್ಟಕ್ಕಿಂತಲೂ, ಅದು ಯಾವಾಗ ಬಂದೀತು ಎಂದು ತಿಳಿಯದ ಸ್ಥಿತಿಯೇ ಅನೇಕ ಸಲ ದೇಹವನ್ನು ಹೆಚ್ಚು ಸವೆಸುತ್ತದೆ.

ಅಪಾಯ ಎದುರಾದಾಗ ಅಡ್ರಿನಲಿನ್ ಕ್ಷಣಾರ್ಧದಲ್ಲಿ ಎದೆಬಡಿತ ಏರಿಸುತ್ತದೆ. ಕೆಲವು ನಿಮಿಷಗಳಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಬಂದು ರಕ್ತಕ್ಕೆ ಸಕ್ಕರೆ ಒದಗಿಸುತ್ತದೆ, ಜೀರ್ಣಕ್ರಿಯೆ ಹಿಂದೆ ಸರಿಯುತ್ತದೆ. ಹಾವು ಕಂಡು ಓಡುವವನಿಗೆ ಇದು ವರ. ಅಪಾಯ ಮುಗಿದರೆ ಎಲ್ಲವೂ ಇಳಿಯುತ್ತದೆ. ತಿಂಗಳುಗಟ್ಟಲೆ ಇಳಿಯದೇ ಹೋದರೆ ಇದೇ ವ್ಯವಸ್ಥೆ ರಕ್ತನಾಳ, ಹೃದಯ, ರೋಗನಿರೋಧಕ ಶಕ್ತಿಗಳನ್ನು ಕೆಡಿಸತೊಡಗುತ್ತದೆ. 1936ರಲ್ಲಿ ವಿಜ್ಞಾನಿ ಹ್ಯಾನ್ಸ್ ಸೆಲ್ಯೆ ಒತ್ತಡದ ಬಗ್ಗೆ ಬರೆದ ಮೊದಲ ಟಿಪ್ಪಣಿಯಿಂದ ಈಚೆಗೆ ವಿಜ್ಞಾನ ಇದನ್ನು ಹಲವು ಬಗೆಯಲ್ಲಿ ಪರೀಕ್ಷಿಸಿದೆ. ಸಂಶೋಧಕ ಜೇ ವೈಸ್ ಇಲಿಗಳಿಗೆ ಸಮಪ್ರಮಾಣದ ವಿದ್ಯುತ್ ಆಘಾತ ಕೊಟ್ಟರು. ಕೆಲವಕ್ಕೆ ಮಾತ್ರ ಮೊದಲೇ ಸದ್ದಿನ ಮುನ್ಸೂಚನೆ ಇತ್ತು. ಆಘಾತ ಒಂದೇ ಆದರೂ ಮುನ್ಸೂಚನೆಯಿಲ್ಲದ ಇಲಿಗಳ ಹೊಟ್ಟೆಯಲ್ಲೇ ಹುಣ್ಣು ಹೆಚ್ಚು.

ಇಲಿಯ ಮಾತು ಮನುಷ್ಯನಿಗೆ ಹೇಗೆ ಅನ್ವಯಿಸೀತು ಎಂದು ಕೇಳಬಹುದು. ಹೊಟ್ಟೆಹುಣ್ಣಿನ ಹಿಂದೆ ಬ್ಯಾಕ್ಟೀರಿಯಾ ಇದೆಯೆಂದು ವೈದ್ಯರಾದ ವಾರೆನ್ ಮತ್ತು ಮಾರ್ಷಲ್ ತೋರಿಸಿ 2005ರಲ್ಲಿ ನೊಬೆಲ್ ಪಡೆದದ್ದೂ ನಿಜ. ಆದರೆ ಆ ಬ್ಯಾಕ್ಟೀರಿಯಾ ಹೊತ್ತವರಲ್ಲಿ ಹೆಚ್ಚಿನವರಿಗೆ ಹುಣ್ಣಾಗುವುದೇ ಇಲ್ಲ. ಒತ್ತಡ ಅಲ್ಲಿ ಪೂರ್ಣ ಅಪರಾಧಿಯಲ್ಲದಿದ್ದರೂ ಪಾಲುದಾರ. ಇನ್ನು ಮನುಷ್ಯರ ಸಾಕ್ಷ್ಯ: ಕೆನ್ಯಾದಲ್ಲಿ ಮಳೆ ಕಡಿಮೆಯಾದಾಗ ಬಡ ರೈತರ ಕಾರ್ಟಿಸಾಲ್ ಏರಿತ್ತು, ಬೇಸಾಯವೊಂದನ್ನೇ ನೆಚ್ಚಿದವರಲ್ಲಿ ಏರಿಕೆ ಇನ್ನೂ ಹೆಚ್ಚಿತ್ತು. 2013ರಲ್ಲಿ ಪ್ರಕಟವಾದ ತಮಿಳುನಾಡಿನ ಕಬ್ಬು ಬೆಳೆಗಾರರ ಅಧ್ಯಯನದಲ್ಲಿ, ಕಟಾವಿನ ಹಣ ಬರುವ ಮೊದಲು ಬುದ್ಧಿಪರೀಕ್ಷೆಯಲ್ಲಿ ಹಿಂದೆಬಿದ್ದ ರೈತರೇ ಹಣ ಬಂದ ಮೇಲೆ ಚುರುಕಾಗಿದ್ದರು. ಒತ್ತಡವೊಂದೇ ಇದಕ್ಕೆ ಕಾರಣವೆಂದು ಆ ಸಂಶೋಧಕರು ಹೇಳಲಿಲ್ಲ. ಹಣದ ಚಿಂತೆಯೇ ತಲೆಯ ಜಾಗವನ್ನೆಲ್ಲ ಹಿಡಿಯುತ್ತದೆ ಎಂದರು. ಸಾಲದ ಕಾಗದಕ್ಕೆ ಸಹಿ ಹಾಕುವ ಹೊತ್ತಿನಲ್ಲೇ ವಿವೇಚನೆ ಮಂಕಾಗುವುದು ಎಂಥ ಅನ್ಯಾಯ!

ಹಿರಿಯರು ಇದಕ್ಕಿಂತ ಘೋರ ಬರ ಕಂಡರಲ್ಲ, ಅವರಿಗೆಲ್ಲಿತ್ತು ಈ ಒತ್ತಡ ಎಂಬುದು ಇನ್ನೊಂದು ವಾದ. ಅವರ ರಕ್ತದೊತ್ತಡವನ್ನು ಯಾರೂ ಅಳೆದಿರಲಿಲ್ಲ. ಜೊತೆಗೆ, ಅವರ ಬದುಕಿನಲ್ಲಿ ಅನಿಶ್ಚಿತತೆಗೆ ತಡೆಗೋಡೆಗಳಿದ್ದವು: ಹಗೇವಿನಲ್ಲಿ ಜೋಳ, ಹೊಲದಲ್ಲಿ ಅಕ್ಕಡಿ ಬೆಳೆ, ಹಟ್ಟಿಯಲ್ಲಿ ಎಮ್ಮೆ. ಒಂದು ಹೋದರೆ ಇನ್ನೊಂದು ಕೈಹಿಡಿಯುತ್ತಿತ್ತು. ಕಾಲುವೆಯ ಬೇಸಾಯ ಆದಾಯ ಹೆಚ್ಚಿಸಿತು, ಅದನ್ನು ಅಲ್ಲಗಳೆಯಲಾಗದು; ಆದರೆ ಕಬ್ಬಿನವನ ಇಡೀ ವರ್ಷವನ್ನು ಒಂದು ಬೆಳೆಗೆ, ಸಕ್ಕರೆ ಕಾರ್ಖಾನೆಯ ಒಂದು ಬಿಲ್ಲಿಗೆ ಗಂಟುಹಾಕಿತು. ಧ್ಯಾನ, ಪ್ರಾಣಾಯಾಮ ಮಾಡಿದರೆ ಸಾಲದೇ ಎನ್ನುವವರಿಗೂ ಇಲ್ಲೇ ಉತ್ತರವಿದೆ. ಅವು ಮನಸ್ಸನ್ನು ತಿಳಿಗೊಳಿಸುತ್ತವೆ, ಮಾಡಬೇಕು. ಆದರೆ ಬಾರದ ಬಿಲ್ಲನ್ನು ತರಿಸುವ ಶಕ್ತಿ ಅವಕ್ಕಿಲ್ಲ.

ಹಾಗಾದರೆ ಚಿಕಿತ್ಸೆ ಭಾಗಶಃ ಆಡಳಿತದ ಕೈಯಲ್ಲಿದೆ. ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ಇದನ್ನು ಬರೀ ವಾಣಿಜ್ಯದ ನಿಯಮವೆಂದು ಓದದೆ ಆರೋಗ್ಯದ ನಿಯಮವೆಂದೂ ಓದಬೇಕು. ಕಾಲುವೆಗೆ ನೀರು ಬಿಡುವ ದಿನಾಂಕಕ್ಕೂ ಇದೇ ಮಾತು. ಮಳೆಯ ಮೇಲೆ ಅಧಿಕಾರಿಗಳಿಗೂ ಹಿಡಿತವಿಲ್ಲ, ಒಪ್ಪೋಣ; ಜಲಾಶಯದಲ್ಲಿ ಎಷ್ಟಿದೆ, ಎಂದು ಬಿಡುತ್ತೇವೆ ಎಂದು ಹೊತ್ತಿಗೆ ಸರಿಯಾಗಿ ಹೇಳುವುದಕ್ಕೆ ಮಳೆ ಅಡ್ಡಿಯಲ್ಲ. ಈ ಸಲ ನೀರಿಲ್ಲ ಎಂಬ ಕಹಿ ಮಾತಾದರೂ ಬಿತ್ತನೆಗೆ ಮೊದಲೇ ಬಂದರೆ ರೈತ ಹಿಂಗಾರಿಗೆ ಕಡಲೆ, ಬಿಳಿಜೋಳದ ಯೋಚನೆ ಮಾಡಿಯಾನು; ರಾತ್ರಿ ಒಂದಿಷ್ಟು ನಿದ್ದೆಯನ್ನೂ ಮಾಡಿಯಾನು.